ಬಾಕಿ ಉಳಿದ ಜವಾಬು

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಳ್ಳಿಗಳಲ್ಲಿ 'ಇವತ್ತ ರಾತ್ರಿ ಹಾಡಕಿ ಐತಿ' ಎಂದರೆ ಎರಡು ಮೇಳ ಬಂದಿವೆ ಎಂದೇ ಅರ್ಥ. ಒಂದೇ ಮೇಳ ಬಂದು ಹಾಡಿ ಹೋದರೆ ಅದನ್ನು ಭಜನೆ ಎನ್ನಬಹುದು, ಕಾರ್ಯಕ್ರಮ ಎನ್ನಬಹುದು, ಹಾಡಕಿ ಎನ್ನುವುದು ಕಷ್ಟ. ಹಾಡಕಿಗೆ ಎದುರಾಳಿ ಬೇಕು. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಜವಾಬು ಕೊಡಬೇಕು. ಕೂತವರು ಯಾರದು ಸರಿ, ಯಾರದು ಜಾರಿತು ಎಂದು ಲೆಕ್ಕ ಇಡಬೇಕು. ಡೊಳ್ಳಿನ ಪದದಲ್ಲೂ ಹೀಗೇ, ಗೀಗೀ ಪದದ ಹರದೇಶಿ–ನಾಗೇಶಿಯಲ್ಲೂ ಹೀಗೇ.

ಹೊಸ ಓದುಗರಿಗಾಗಿ ಎರಡು ಮಾತು. ಹರದೇಶಿ ಮೇಳ ಶಿವನ ಪಕ್ಷ, ಗಂಡು ಹೆಚ್ಚು ಎಂದು ಹಾಡಬೇಕು. ನಾಗೇಶಿ ಮೇಳ ಶಕ್ತಿಯ ಪಕ್ಷ, ಹೆಣ್ಣು ಹೆಚ್ಚು ಎಂದು ಹಾಡಬೇಕು. ಹರದೇಶಿಯಲ್ಲಿ ಸಾಮಾನ್ಯವಾಗಿ ಗಂಡಸರು, ನಾಗೇಶಿಯಲ್ಲಿ ಹೆಂಗಸರು. ಮುಂದೆ ನಿಂತವರ ಎದೆಗೆ ಆತು ಹಿಡಿದ ದಪ್ಪು, ಹಿಂದೆ ನಿಂತ ಇಬ್ಬರ ಕೈಯಲ್ಲಿ ತುಂತುಣಿ ಮತ್ತು ತಾಳ. ನುಡಿ ಮುಗಿದಾಗಲೆಲ್ಲ ಹಿಮ್ಮೇಳ 'ಗೀ ಗೀ' ಎಂದು ಎತ್ತಿಕೊಳ್ಳುವುದರಿಂದ ಗೀಗೀ ಪದ ಎಂಬ ಹೆಸರು. ಇದೇ ಜಗಳ ಮರಾಠಿ ಶಾಹಿರರಲ್ಲಿ ಕಲಗಿ–ತುರಾ ಎಂಬ ಹೆಸರಿನಲ್ಲಿದೆ. ಬಂಗಾಳದ ಕವಿಗಾನದಲ್ಲಿ ಇಬ್ಬರು ಕವಿಯಾಲರು ರಾತ್ರಿಯಿಡೀ ಎದುರಾಬದುರಾಗಿ ಹಾಡುವ ಪದ್ಧತಿಯೂ ಇದರ ನೆಂಟನೇ.

ಆದರೆ ನಾವು ಓದುವ ಪುಸ್ತಕಗಳಲ್ಲಿ ಈ ಎದುರಾಳಿ ಎಲ್ಲಿದ್ದಾರೆ? ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅನುವಾದ ಸಮೇತ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಹಾಡು, ಹಲಗಲಿಯ ಬೇಡರ ದಂಗೆಯ ಹಾಡು ನಮಗೆ ಅಚ್ಚಿನಲ್ಲಿ ಸಿಕ್ಕಿದ್ದು ಹಾಗೆ. ಮುಂದೆ ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ' ತಂದರು. ಎರಡನೆಯದು ಲಾವಣಿಗಳ ಸಂಗ್ರಹ. ಹಲಸಂಗಿಯ ಖಾಜಾಭಾಯಿಯಂಥ ಕವಿಯ ಹೆಸರು ಕನ್ನಡ ಸಾಹಿತ್ಯದ ಚರಿತ್ರೆಗೆ ಬಂದದ್ದು ಆ ಗೆಳೆಯರಿಂದ. ಇವರಿಲ್ಲದಿದ್ದರೆ ನಮ್ಮ ಕೈ ಖಾಲಿ. ಆದರೂ ಈ ಪುಟಗಳಲ್ಲಿ ಸಿಗುವುದು ಒಂದು ಕಡೆಯ ಹಾಡು. ಅದು ಯಾವ ಸವಾಲಿಗೆ ಹುಟ್ಟಿತು, ಅದಕ್ಕೆ ಎದುರಿನವರು ಏನು ಹೇಳಿದರು, ಕೇಳುವವರು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂಬುದು ಸಿಗುವುದಿಲ್ಲ. ನ್ಯಾಯಾಲಯದ ಕಡತದಲ್ಲಿ ವಾದಿಯ ಹೇಳಿಕೆ ಮಾತ್ರ ಉಳಿದು ಪ್ರತಿವಾದಿಯ ಹಾಳೆ ಕಳೆದುಹೋದ ಹಾಗೆ. ಒಂದೇ ಹಾಳೆ ಓದಿ ನಾವು 'ಜನಪದರ ಸ್ತ್ರೀ ದೃಷ್ಟಿ', 'ಜನಪದರ ಜೀವನ ಮೌಲ್ಯ' ಎಂದು ಪ್ರಬಂಧ ಬರೆಯುತ್ತೇವೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಹರದೇಶಿ–ನಾಗೇಶಿಯಲ್ಲಿ ಕಾವ್ಯದ ಘಟಕ ಪದವಲ್ಲ, ಸವಾಲು ಮತ್ತು ಜವಾಬು ಸೇರಿದ ಜೋಡಿ. ಆ ಜೋಡಿಯನ್ನು ಹತ್ತಿರದಿಂದ ಕೇಳಿದಾಗ ಮಾತ್ರ ಅದರ ಬೆಲೆ, ಅದರ ಕೊರತೆ ಎರಡೂ ಗೊತ್ತಾಗುತ್ತವೆ.

ಇದಕ್ಕೆ ಆಧಾರವಾಗಿ ನಾನು ಕೇಳಿದ ಒಂದು ರಾತ್ರಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಾಯಬಾಗ ತಾಲ್ಲೂಕಿನಲ್ಲಿ, ಕುಡಚಿಯಿಂದ ಆಚೆ, ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳ ನಡುವೆ ಒಂದು ತೋಟದ ಮನೆ. ಈ ಭಾಗದಲ್ಲಿ ಅನೇಕ ಕುಟುಂಬಗಳು ಊರೊಳಗೆ ಇರುವುದಿಲ್ಲ, ಹೊಲದಲ್ಲೇ ಮನೆ ಕಟ್ಟಿಕೊಂಡು 'ತ್ವಾಟದಾಗ' ಇರುತ್ತವೆ. ಮನೆಯ ಮೊಮ್ಮಗನ ಜವಳ. ಮನೆಯ ಹಿರಿಯರಿಗೆ ಹಾಡಕಿಯ ಹುಚ್ಚು, ಹಾಗಾಗಿ ಎರಡೂ ಮೇಳಕ್ಕೆ ವೀಳ್ಯ ಕೊಟ್ಟು ಕರೆಸಿದ್ದರು. ಕೂತವರು ಅರವತ್ತು ಜನ ಇದ್ದರೆ ಹೆಚ್ಚು. ನಿಪ್ಪಾಣಿಯಿಂದ ಬಂದ ಬೀಗರು, ಶಿರೋಳ ಕಡೆಯಿಂದ ಹೊಳೆ ದಾಟಿ ಬಂದ ಸಂಬಂಧಿಕರು, ಸುತ್ತಲಿನ ತೋಟದವರು. ಮೈಕು ತಂದಿದ್ದರು. 'ಇಷ್ಟ ಮಂದಿಗೆ ಅದ್ಯಾಕ, ಕಿವಿ ಅದಾವ ಇಲ್ಲೋ' ಎಂದು ಆ ಹಿರಿಯರೇ ಅದನ್ನು ಮೂಲೆಗೆ ಇರಿಸಿದರು. ಅಂಗಳದಲ್ಲಿ ತಾಡಪತ್ರಿ, ಅದರ ಮೇಲೆ ಜಮಖಾನ. ಒಂದು ಬದಿ ಹೆಂಗಸರು, ಒಂದು ಬದಿ ಗಂಡಸರು. ಹಾಡುವವರಿಗೂ ಮೊದಲ ಸಾಲಿಗೂ ನಡುವೆ ಐದಾರು ಅಡಿ. ದಪ್ಪಿನ ಚರ್ಮ ಚಳಿಗೆ ಸಡಿಲಾದಾಗ ಒಲೆಯ ಮುಂದೆ ಕಾಯಿಸಿಕೊಂಡು ಬರುತ್ತಿದ್ದದ್ದು ನಮಗೆ ಕಾಣುತ್ತಿತ್ತು.

ನಾಗೇಶಿಯ ಹಾಡುಗಾರ್ತಿಗೆ ಐವತ್ತು ದಾಟಿರಬೇಕು. ಹರದೇಶಿಯವರು ಅವರಿಗಿಂತ ಹತ್ತು ವರ್ಷ ದೊಡ್ಡವರು. ಚಹಾ ಕುಡಿಯುವಾಗ ಆಕೆ ಅವರನ್ನು 'ಅಣ್ಣಾ' ಎನ್ನುತ್ತಿದ್ದರು, ಅವರು ಆಕೆಯನ್ನು 'ತಂಗಿ' ಎನ್ನುತ್ತಿದ್ದರು. ಎದುರು ನಿಂತ ಮೇಲೆ ಮಾತ್ರ ಏಕವಚನದ ಕತ್ತಿವರಸೆ. ಇಬ್ಬರ ಹೆಸರೂ ಇಲ್ಲಿ ಬೇಡ, ಅವರ ಕಸುಬಿನ ಬಗ್ಗೆ ಮಾತಾಡೋಣ.

ಗಣಪತಿ, ಗುರು, ಊರ ದೇವರ ಸ್ತುತಿಯಾದ ಮೇಲೆ ಹರದೇಶಿಯವರು ಮೊದಲ ಸವಾಲು ಹಾಕಿದರು. ಅದು ರೇಣುಕೆಯ ಕಥೆ. ಶಕ್ತಿ ಅಷ್ಟು ದೊಡ್ಡವಳಾದರೆ ಜಮದಗ್ನಿಯ ಒಂದು ಮಾತಿಗೆ ಅವಳ ತಲೆ ಯಾಕೆ ಉರುಳಿತು? ಮಗನೇ ಕೊಡಲಿ ಎತ್ತಿದಾಗ ಅವಳ ಶಕ್ತಿ ಎಲ್ಲಿ ಅಡಗಿತ್ತು? ತುಂಬ ಹಳೆಯ ಸವಾಲು, ಕೂತವರಿಗೆಲ್ಲ ಗೊತ್ತಿದ್ದದ್ದು. ಆದರೆ ಅವರು ಅದನ್ನು ಬಿಚ್ಚಿದ ಕ್ರಮ ಚೆನ್ನಾಗಿತ್ತು. ಹೊಳೆಗೆ ಹೋದದ್ದು, ಕೊಡ ನಿಲ್ಲದೆ ಹೋದದ್ದು, ಒಬ್ಬೊಬ್ಬ ಮಗನನ್ನು ಕರೆದು ಕೇಳಿದ್ದು, ಒಂದೊಂದಕ್ಕೂ ಒಂದು ನುಡಿ. ಪ್ರತಿ ನುಡಿಯ ಕೊನೆಗೆ ಅದೇ ಪ್ರಶ್ನೆ, ಪ್ರತಿ ಸಲ ಸ್ವಲ್ಪ ಚಿಕ್ಕದಾಗುತ್ತ ಹೋಯಿತು. ಕೊನೆಗೆ ಎರಡೇ ಪದ ಉಳಿದವು.

ನಾಗೇಶಿಯವರು ತಕ್ಷಣ ಉತ್ತರ ಕೊಡಲಿಲ್ಲ. ಹಿಮ್ಮೇಳದ ಇಬ್ಬರು ಗೀಗೀ ಎತ್ತಿಕೊಂಡರು, ಒಂದು ಸುತ್ತು, ಎರಡು ಸುತ್ತು. ಆಕೆ ದಪ್ಪು ಬಾರಿಸುತ್ತ ಅಂಗಳದಲ್ಲಿ ಅಡ್ಡಾಡಿದರು. ನನ್ನ ಪಕ್ಕ ಕೂತಿದ್ದ ಹಿರಿಯ ಕಾಕಾ ನನ್ನ ಮೊಣಕಾಲು ತಟ್ಟಿ ಹೇಳಿದರು:

'ತಮ್ಮಾ, ಈಗ ಕೇಳು. ಆಕಿ ಸುಮ್ಮನ ತಿರಗಾಕತ್ತಿಲ್ಲ, ಗಂಟ ಬಿಚ್ಚಾಕತ್ತಾಳ.'

ಈ ತಿರುಗುವ ಹೊತ್ತಿಗೆ ಪುಸ್ತಕದಲ್ಲಿ ಜಾಗವಿಲ್ಲ. ಬರೆದುಕೊಳ್ಳುವವರು ಪಲ್ಲವಿಯನ್ನು ಒಮ್ಮೆ ಬರೆದು ಮುಂದೆ ಚುಕ್ಕಿ ಹಾಕುತ್ತಾರೆ. ಅಮೆರಿಕದ ವಿದ್ವಾಂಸ ಆಲ್ಬರ್ಟ್ ಲಾರ್ಡ್ ತನ್ನ ಗುರು ಮಿಲ್ಮನ್ ಪ್ಯಾರಿ ಜೊತೆ ಯುಗೊಸ್ಲಾವಿಯಾದ ಹಳ್ಳಿಗಾಯಕರ ನಡುವೆ ಕೆಲಸ ಮಾಡಿ, 1960ರಲ್ಲಿ 'ದಿ ಸಿಂಗರ್ ಆಫ್ ಟೇಲ್ಸ್' ಎಂಬ ಪುಸ್ತಕ ಬರೆದ. ಬಾಯಿಪಾಠದ ಕಾವ್ಯವನ್ನು ಗಾಯಕ ಹಾಡುವಾಗಲೇ ಕಟ್ಟುತ್ತಾನೆ, ಸಿದ್ಧವಾಗಿರುವ ಪದಗುಚ್ಛಗಳು ಅವನಿಗೆ ಮುಂದಿನ ಸಾಲು ಹುಡುಕಲು ಸಮಯ ಕೊಡುತ್ತವೆ ಎಂಬುದು ಅದರ ತಿರುಳು. ಗೀಗೀಯ ಪಲ್ಲವಿ ಈ ಕೆಲಸವನ್ನು ಇನ್ನೂ ಬಹಿರಂಗವಾಗಿ ಮಾಡುತ್ತದೆ. ಹಾಡುಗಾರ್ತಿ ಯೋಚಿಸುತ್ತಿದ್ದಾಳೆ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಸುತ್ತು ತೆಗೆದುಕೊಂಡಳು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎರಡು ಸುತ್ತಿಗೆ ಜವಾಬು ಬಂದರೆ ಭೇಷ್, ಆರು ಸುತ್ತಾದರೆ ಗಂಡಸರ ಬದಿಯಿಂದ ಕೆಮ್ಮು.

ಎರಡನೆಯ ಸುತ್ತಿಗೆ ಜವಾಬು ಬಂತು. ತಲೆ ಉರುಳಿದ್ದು ನಿಜ ಎಂದು ಆಕೆ ಮೊದಲೇ ಒಪ್ಪಿಕೊಂಡರು. ಆಮೇಲೆ ಸವದತ್ತಿಯ ಗುಡ್ಡಕ್ಕೆ ಕರೆದುಕೊಂಡು ಹೋದರು. ಭಾರತ ಹುಣ್ಣಿಮೆಗೆ ಬಂಡಿ ಕಟ್ಟಿಕೊಂಡು ಹೋಗುವವರು ಯಾರ ಹೆಸರು ಕೂಗುತ್ತ ಗುಡ್ಡ ಹತ್ತುತ್ತಾರೆ? ಜಮದಗ್ನಿಗೂ ಅಲ್ಲಿ ಗುಡಿ ಉಂಟಲ್ಲ, ಅವನಿಗಾಗಿ ಮನೆ ಬಿಟ್ಟು ಹೊರಟವರನ್ನು ಯಾರಾದರೂ ಕಂಡಿದ್ದೀರಾ? ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಎತ್ತಿನ ಬಂಡಿ ಸಾಲುಗಟ್ಟಿ ಬರುತ್ತವಲ್ಲ, ಅವು ಯಾವ ಗಂಡಿನ ಹೆಸರಿಗೆ ಬರುತ್ತವೆ? ಕಡಿದವನ ಹೆಸರು ಕಥೆಯಲ್ಲಿ ಉಳಿಯಿತು, ಕಡಿಸಿಕೊಂಡವಳ ಹೆಸರು ಬಾಯಲ್ಲಿ ಉಳಿಯಿತು. ಅದು ಆಕೆಯ ವಾದದ ಸಾರಾಂಶ.

ಹೆಂಗಸರ ಬದಿಯಿಂದ ಸಿಳ್ಳೆ ಬರಲಿಲ್ಲ, ಒಂದು ಅಜ್ಜಿ ಎದ್ದು ಬಂದು ಇಪ್ಪತ್ತರ ನೋಟು ದಪ್ಪಿನ ಮೇಲೆ ಇಟ್ಟು ಹೋದರು. ಆ ಹೊತ್ತಿಗೆ ಹಾಡು ನಿಂತು, ಕೊಟ್ಟವರ ಹೆಸರು, ಅವರ ತೋಟದ ಹೆಸರು ಹೇಳಿ, ಮತ್ತೆ ಅದೇ ಶ್ರುತಿಗೆ ಬರಬೇಕು. ಹೊರಗಿನಿಂದ ನೋಡುವವರಿಗೆ ಇದು ಅಡ್ಡಿ. ಆದರೆ ಜವಾಬು ಯಾರಿಗೆ ತಟ್ಟಿತು ಎಂಬುದಕ್ಕೆ ಅದೇ ಗುರುತು. ಹರದೇಶಿಯವರೂ ತಲೆಯಾಡಿಸಿದರು.

ಇಲ್ಲಿಯವರೆಗಿನದು ಒಳ್ಳೆಯ ಹಾಡಕಿ. ಇದರ ನಂತರದ ಸುಮಾರು ಒಂದೂವರೆ ಗಂಟೆ ಅಷ್ಟು ಒಳ್ಳೆಯದಿರಲಿಲ್ಲ. ವಿಮರ್ಶೆ ಬರೆಯುವಾಗ ಜನಪದ ಎಂಬ ಕಾರಣಕ್ಕೆ ಎಲ್ಲವನ್ನೂ ಹೊಗಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅದು ಹಾಡುವವರಿಗೆ ಗೌರವ ಕೊಟ್ಟಂತಲ್ಲ, ಕಿವಿಗೊಟ್ಟು ಕೇಳಿಲ್ಲ ಎಂದಂತೆ. ಎರಡನೆಯ ಪಾಳಿಯಲ್ಲಿ ಎರಡೂ ಕಡೆಯವರು ಪುರಾಣದ ಪಟ್ಟಿಗೆ ಇಳಿದರು. ನಾಗೇಶಿಯವರು ಅನಸೂಯೆ ತ್ರಿಮೂರ್ತಿಗಳನ್ನು ಕೂಸು ಮಾಡಿದ್ದು, ಸಾವಿತ್ರಿ ಯಮನಿಂದ ಗಂಡನನ್ನು ತಂದದ್ದು ಹಾಡಿದರು. ಹರದೇಶಿಯವರು ಹರಿಶ್ಚಂದ್ರನನ್ನು, ಭಗೀರಥನನ್ನು ಕರೆತಂದರು. ಹೆಸರಿಗೆ ಹೆಸರು, ಕಥೆಗೆ ಕಥೆ. ನಡುನಡುವೆ ಎರಡೂ ಮೇಳ ಸಿನಿಮಾ ಹಾಡಿನ ಮಟ್ಟಿಗೆ ಹೊರಳಿದವು. ಮಟ್ಟು ಬದಲಾದದ್ದಕ್ಕೆ ನನ್ನ ತಕರಾರಿಲ್ಲ, ಲಾವಣಿಕಾರರು ಯಾವತ್ತೂ ಸಿಕ್ಕ ಮಟ್ಟನ್ನು ಬಳಸಿಕೊಂಡವರೇ. ತಕರಾರು ಇರುವುದು ಮಟ್ಟಿಗಾಗಿ ಸವಾಲು ಮರೆತದ್ದಕ್ಕೆ. ಕಾಕಾ ಆಗ ಚುನಮರಿ ತಿನ್ನುವುದರಲ್ಲಿ ಮಗ್ನರಾಗಿದ್ದರು. ಕೇಳುಗರು ತಿನ್ನಲು ತೊಡಗಿದರೆ ಹಾಡು ಎಲ್ಲೋ ಸಡಿಲಾಗಿದೆ ಎಂದು ಅರ್ಥ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಾಗೇಶಿಯ ಸಾಂಪ್ರದಾಯಿಕ ವಾದಗಳಲ್ಲಿ ಹೆಣ್ಣು ಗೆಲ್ಲುವುದು ಸಾಮಾನ್ಯವಾಗಿ ಎರಡು ದಾರಿಯಿಂದ: ತಾಯಿಯಾಗಿ, ಇಲ್ಲವೇ ಪತಿವ್ರತೆಯಾಗಿ. ಅನಸೂಯೆ ಗೆದ್ದದ್ದು ಗಂಡನ ಮೇಲಿನ ನಿಷ್ಠೆಯ ಬಲದಿಂದ. ಸಾವಿತ್ರಿ ಗೆದ್ದದ್ದು ಗಂಡನಿಗಾಗಿ. ಹೆಣ್ಣು ಹೆಚ್ಚು ಎಂದು ಸಾಧಿಸಲು ಗಂಡನ್ನೇ ಅಳತೆಗೋಲಾಗಿ ಹಿಡಿದರೆ ಗೆದ್ದದ್ದು ಯಾರು? ಹಾಡಿನಲ್ಲಿ ನಾಗೇಶಿ ಗೆಲ್ಲುತ್ತಾಳೆ, ಅಳತೆಗೋಲು ಹರದೇಶಿಯದೇ ಆಗಿ ಉಳಿಯುತ್ತದೆ. 'ನಮ್ಮ ಜನಪದರು ಎಷ್ಟೋ ಹಿಂದೆಯೇ ಸ್ತ್ರೀವಾದ ಹಾಡಿದ್ದರು' ಎಂದು ಸುಲಭವಾಗಿ ಬರೆಯುವವರು ಈ ಪ್ರಶ್ನೆಯನ್ನು ದಾಟಿಹೋಗುತ್ತಾರೆ. ರೇಣುಕೆಯ ಜವಾಬು ನನಗೆ ಹೆಚ್ಚಿನದೆನಿಸಿದ್ದು ಇದೇ ಕಾರಣಕ್ಕೆ. ಅಲ್ಲಿ ಹಾಡುಗಾರ್ತಿ ಗಂಡನ ಕಥೆಯಿಂದ ಹೊರಗೆ ಬಂದು ಗುಡ್ಡ ಹತ್ತುವ ಜನರನ್ನು ಸಾಕ್ಷಿಗೆ ಕರೆದಿದ್ದರು.

ಮೂರನೆಯ ಪಾಳಿ ಆರಂಭವಾದಾಗ ರಾತ್ರಿ ಒಂದು ಗಂಟೆ ದಾಟಿತ್ತು. ಸವಾಲು ಹಾಕುವ ಸರದಿ ನಾಗೇಶಿಯದು. ಪುರಾಣ ಬಿಟ್ಟು ಆಕೆ ಒಂದು ದಿನವನ್ನು ಹಾಡತೊಡಗಿದರು. ಕೋಳಿ ಕೂಗುವ ಮೊದಲು ಎದ್ದು ಸಗಣಿ ಬಾಚುವುದು, ನೀರು, ರೊಟ್ಟಿ, ಮಕ್ಕಳ ಸಾಲಿ ಚೀಲ, ಬುತ್ತಿ ಕಟ್ಟಿಕೊಂಡು ಹೊಲ, ಕಬ್ಬಿನ ಸಾಲಿನಲ್ಲಿ ಕಳೆ, ಸಂಜೆ ತಲೆಯ ಮೇಲೆ ಮೇವು, ಮತ್ತೆ ಒಲೆ. ಪ್ರತಿ ಕೆಲಸಕ್ಕೆ ಅರ್ಧ ನುಡಿ, ಏನೂ ಅಲಂಕಾರವಿಲ್ಲ. ಮಧ್ಯದಲ್ಲಿ ಹೆಂಗಸರ ಬದಿಗೆ ತಿರುಗಿ, ನಿಪ್ಪಾಣಿಯಿಂದ ಬಂದವರನ್ನು ನೋಡಿ, ತಂಬಾಕಿನ ಘಾಟಿನಲ್ಲಿ ಕೂತು ಬೀಡಿ ಸುತ್ತುವ ಬೆರಳುಗಳನ್ನು ಸೇರಿಸಿದರು. ಅಥಣಿಯ ಚಪ್ಪಲಿ ಹೆಸರಾಯಿತು, ಅದರ ಪಟ್ಟಿ ಹೆಣೆದ ಕೈ ಯಾರಿಗೆ ಗೊತ್ತು ಎಂದರು. ಇವು ಮನೆಯಿಂದ ಪಾಠ ಮಾಡಿಕೊಂಡು ಬಂದ ಸಾಲುಗಳಲ್ಲ ಎಂಬುದು ಎದುರು ಕೂತವರನ್ನು ನೋಡಿ ನೋಡಿ ಹಾಡುತ್ತಿದ್ದ ರೀತಿಯಲ್ಲೇ ತಿಳಿಯುತ್ತಿತ್ತು. ಕೊನೆಗೆ ಸವಾಲು: ಹರದೇಶಿಯವನೇ, ದೇವರ ಕಥೆ ಸಾಕು, ನಿನ್ನ ಒಂದು ದಿನ ಹಾಡು.

ಈ ಸವಾಲಿನ ಚಂದ ಇರುವುದು ಅದರ ಅಳತೆಗೋಲಿನಲ್ಲಿ. ತಾಯಿತನವೂ ಇಲ್ಲ, ಪಾತಿವ್ರತ್ಯವೂ ಇಲ್ಲ. ಕೆಲಸ ಇದೆ, ಹೊತ್ತು ಇದೆ. ಎರಡನ್ನೂ ಯಾರು ಬೇಕಾದರೂ ಎಣಿಸಬಹುದು.

ಹರದೇಶಿಯ ಹಿಮ್ಮೇಳ ನಾಲ್ಕು ಸುತ್ತು ಹಾಕಿತು. ಐದನೆಯದಕ್ಕೆ ಅವರು ನಲ್ಲಿಯ ಮುಂದೆ ಹೆಂಗಸರು ಹರಟೆ ಹೊಡೆಯುವ ಹಾಸ್ಯದ ನುಡಿ ತೆಗೆದರು. ಗಂಡಸರು ನಕ್ಕರು. ನಾನೂ ನಕ್ಕೆ, ನುಡಿ ಚುರುಕಾಗಿತ್ತು. ನಾಗೇಶಿಯವರು ನಗಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಆಕೆಯ ಹಿಂದಿನ ಇಬ್ಬರು ಸವಾಲಿನ ಕೊನೆಯ ಸಾಲನ್ನಷ್ಟೇ ಮತ್ತೊಮ್ಮೆ ಎತ್ತಿದರು. ಹರದೇಶಿಯವರು ಮತ್ತೆ ಎರಡು ಸುತ್ತು ತಿರುಗಿ, ತಮ್ಮ ತಾಯಿ ಕಬ್ಬಿನ ವಾಡೆ ಹೊತ್ತು ತಂದು ದನಕ್ಕೆ ಹಾಕುತ್ತಿದ್ದುದನ್ನು, ತಾನು ಹಾಡಲು ಹೋದ ರಾತ್ರಿಗಳಲ್ಲಿ ಬಾಗಿಲು ತೆಗೆಯಲು ಅವಳು ಎಚ್ಚರ ಇರುತ್ತಿದ್ದುದನ್ನು ಹಾಡಿದರು. ತಾನು ನಿಂತದ್ದು ಯಾವ ಪಕ್ಷದಲ್ಲಿ ಎಂಬುದನ್ನೇ ಅವರು ಒಂದು ಗಳಿಗೆ ಮರೆತಂತಿತ್ತು. ಆ ರಾತ್ರಿಯ ಅತ್ಯಂತ ಒಳ್ಳೆಯ ನುಡಿಗಳು ಇವೇ. ಆದರೆ ಸವಾಲಿಗೆ ಅವು ಜವಾಬಾಗಲಿಲ್ಲ. ಅವರು ಹಾಡಿದ್ದು ತಾಯಿಯ ದಿನ, ಕೇಳಿದ್ದು ಅವರ ದಿನ. ಅವರಿಗೂ ಅದು ಗೊತ್ತಿತ್ತು. ಉಳಿದ ಜವಾಬು ಬೆಳಗಿನ ಪಾಳಿಗೆ ಎಂದು ಹೇಳಿ ಪಾಳಿ ಮುಗಿಸಿದರು.

'ಬಾಕಿ ಉಳೀತು ನೋಡು ತಮ್ಮಾ' ಎಂದರು ಕಾಕಾ, ಅಂಗಡಿಯ ಉದ್ರಿ ಲೆಕ್ಕ ಹೇಳುವ ದನಿಯಲ್ಲಿ.

ಈ ಪಾಳಿಯ ನಡುವೆಯೇ ಇನ್ನೊಂದು ಘಟನೆ ನಡೆಯಿತು. ಹಾಯ್ದುಹೋಗುವ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಬಂತು. ಕಾರಖಾನೆ ನಡೆಯುವ ದಿನಗಳಲ್ಲಿ ಈ ಭಾಗದ ರಾತ್ರಿಗಳೆಲ್ಲ ಈ ಟ್ರ್ಯಾಕ್ಟರುಗಳದ್ದೇ, ಅವುಗಳ ಧ್ವನಿವರ್ಧಕಗಳದ್ದೇ. ಅದರಲ್ಲಿ ಬರುತ್ತಿದ್ದದ್ದು ಡೊಳ್ಳಿನ ಪದ, ಕೆಳಗೆ ಯಂತ್ರದ ತಾಳ ಕೂಡಿಸಿದ್ದು. ಅದು ದಾಟಿಹೋಗುವವರೆಗೆ ಎರಡೂ ಮೇಳ ನಿಂತು ಕಾದವು. ಮೂಲೆಯಲ್ಲಿ ಮೈಕು ಇತ್ತು, ಯಾರೂ ಅದನ್ನು ತರಲಿಲ್ಲ.

ಇದನ್ನು ಹೇಳಿ 'ಹಳೆಯದು ಶುದ್ಧ, ಹೊಸದು ಕೆಟ್ಟದ್ದು' ಎಂಬ ರಾಗ ಎಳೆಯುವುದು ನನ್ನ ಉದ್ದೇಶವಲ್ಲ. ಹಳ್ಳಿಯ ಹಾಡು ಯಂತ್ರದೊಳಗೆ ಹೋಗುವುದು ನೂರು ವರ್ಷದ ಹಳೆಯ ಕಥೆ, ಜಗತ್ತಿನ ಎಲ್ಲ ಕಡೆಯ ಕಥೆ. ಅಮೆರಿಕದ ಟೆನೆಸ್ಸಿ ರಾಜ್ಯದ ಬ್ರಿಸ್ಟಲ್ ಎಂಬ ಊರಿಗೆ 1927ರಲ್ಲಿ ರಾಲ್ಫ್ ಪೀರ್ ಎಂಬ ಧ್ವನಿಮುದ್ರಕ ಬಂದು ಬೆಟ್ಟದ ಸೀಮೆಯ ಹಾಡುಗಾರರನ್ನು ಮುದ್ರಿಸಿಕೊಂಡ. ಕಾರ್ಟರ್ ಕುಟುಂಬ, ಜಿಮ್ಮಿ ರಾಜರ್ಸ್ ಹೊರಬಂದದ್ದು ಅಲ್ಲಿಂದ. ಇವತ್ತು ಕಂಟ್ರಿ ಮ್ಯೂಸಿಕ್ ಎಂದು ಜಗತ್ತು ಕರೆಯುವ ದೊಡ್ಡ ಉದ್ಯಮದ ಒಂದು ಬೇರು ಆ ಬೇಸಿಗೆಯಲ್ಲಿದೆ. ಆಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಮನೆಯ ಜಗುಲಿಯಲ್ಲಿ ಹೊತ್ತು ಹೋದಷ್ಟು ಹಾಡುತ್ತಿದ್ದವರು ಮೂರು ನಿಮಿಷಕ್ಕೆ ಹಾಡು ಕತ್ತರಿಸುವುದನ್ನು ಕಲಿತರು. ನಮ್ಮಲ್ಲಿ 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ಮುರಗೋಡದ ಹುಕ್ಕೇರಿ ಬಾಳಪ್ಪನವರ ಕಂಠವನ್ನು ಉತ್ತರ ಕರ್ನಾಟಕದ ಮನೆಮನೆ ಕೇಳಿತು. ಆಮೇಲೆ ಕ್ಯಾಸೆಟ್, ಈಗ ಮೊಬೈಲು. ಪ್ರತಿ ಸಲವೂ ಹಾಡು ದೂರ ಹೋಯಿತು, ಗಾಯಕರಿಗೆ ಹೆಸರು ಸಿಕ್ಕಿತು. ಊರೂರು ತಿರುಗುವ ನಾಗೇಶಿ ಮೇಳದ ಹೆಣ್ಣುಮಕ್ಕಳ ಹೆಸರು ಊರ ಹೊರಗೆ ಗೊತ್ತಾದದ್ದು ಯಂತ್ರದಿಂದಲೇ. ಅದು ಸಣ್ಣ ಲಾಭವಲ್ಲ.

ನಷ್ಟ ಯಾವುದೆಂದರೆ ಎದುರಾಳಿ. ಯೂಟ್ಯೂಬಿನಲ್ಲಿ ಸವಾಲು ಒಂದು ತುಂಡು, ಜವಾಬು ಇನ್ನೊಂದು ತುಂಡು. ಹೆಚ್ಚು ಜನ ನೋಡುವುದು ಬಯ್ಗುಳಕ್ಕೆ ಹತ್ತಿರವಾದ ಹಾಸ್ಯದ ತುಂಡನ್ನು. ಆ ರಾತ್ರಿಯ ನಲ್ಲಿಯ ಹಾಸ್ಯವನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದಿದ್ದರೆ ಅದೊಂದೇ ಓಡುತ್ತದೆ. ಅದರ ನಂತರ ಹಿಮ್ಮೇಳ ಸವಾಲನ್ನು ಮತ್ತೆ ಎತ್ತಿದ್ದು, ಹರದೇಶಿಯವರು ತಾಯಿಯ ಕಡೆ ತಿರುಗಿದ್ದು ಕತ್ತರಿಸಿಹೋಗುತ್ತದೆ. ಫ್ಲೀಟನ ಕಾಲದಲ್ಲಿ ಕಾಗದ ಮಾಡಿದ ಕೆಲಸವನ್ನೇ ಈಗ ಮೊಬೈಲು ಮಾಡುತ್ತಿದೆ, ಜೋಡಿಯನ್ನು ಬಿಡಿಸುವ ಕೆಲಸ. ಚಿಕ್ಕ ಅಂಗಳದಲ್ಲಿ ಇದು ಸಾಧ್ಯವಿಲ್ಲ. ನಕ್ಕವನು ಐದು ಅಡಿ ದೂರದಲ್ಲಿ ನಗದೆ ನಿಂತವಳನ್ನು ನೋಡಲೇಬೇಕಾಗುತ್ತದೆ.

ಭಾಷೆಯ ಬಗ್ಗೆಯೂ ಹೇಳಬೇಕು. ಈ ತಾಲ್ಲೂಕುಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಅದಕ್ಕೂ ಮೊದಲು ರಾಯಬಾಗ ಕೊಲ್ಲಾಪುರ ಸಂಸ್ಥಾನದ ಭಾಗ. ಗಡಿ ಎಂಬುದು ಇಲ್ಲಿ ಪತ್ರಿಕೆಗಳಲ್ಲಿ ಕಾಣುವ ಜಗಳ ಮಾತ್ರವಲ್ಲ, ಬೀಗತನವೂ ಹೌದು, ಹಾಡೂ ಹೌದು. ಸವಾಲು, ಜವಾಬು, ಶಾಹಿರ ಎಂಬ ಮಾತುಗಳೇ ಎರಡೂ ದಂಡೆಯ ಸೊತ್ತು. ಶಿರೋಳದಿಂದ ಬಂದ ನೆಂಟರಿಗಾಗಿ ನಾಗೇಶಿಯವರು ಎರಡು ನುಡಿ ಮರಾಠಿಯಲ್ಲಿ ಹಾಡಿದರು, ದಪ್ಪಿನ ನಡೆ ಬದಲಾಗಲೇ ಇಲ್ಲ. ಇದು ಹೊಸದೂ ಅಲ್ಲ. ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕಕ್ಕೆ ನಾಂದಿ ಹಾಡಿದ್ದು ಕರ್ನಾಟಕದಿಂದ ಹೋದ ಭಾಗವತರ ಆಟ ನೋಡಿದ ಮೇಲೆ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ 'ಶಾಕುಂತಲ' ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರ ಹುಟ್ಟೂರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಹಾಡನ್ನು ಅಚ್ಚಿಗೆ ಇಳಿಸುವಾಗ ಕನ್ನಡದ ಸಂಪಾದಕರು ಮರಾಠಿ ಪದಗಳನ್ನು, ಮರಾಠಿ ಸಂಪಾದಕರು ಕನ್ನಡ ಪದಗಳನ್ನು 'ತಿದ್ದುವ' ಗೋಜಿಗೆ ಹೋಗದಿದ್ದರೆ ಒಳ್ಳೆಯದು. ತಿದ್ದಿದರೆ ಎದುರಿಗೆ ಯಾರು ಕೂತಿದ್ದರು ಎಂಬ ಗುರುತೇ ಅಳಿಸಿಹೋಗುತ್ತದೆ.

ಈ ಸೀಮೆಯಿಂದಲೇ ಬಂದ ದೊಡ್ಡ ಲೇಖಕರೊಬ್ಬರು ಎದುರಾಳಿಯ ಮಹತ್ವವನ್ನು ಸರಿಯಾಗಿ ಗುರುತಿಸಿದ್ದರು. ಚಂದ್ರಶೇಖರ ಕಂಬಾರರು ಹುಟ್ಟಿದ್ದು 1937ರಲ್ಲಿ, ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ. ಅವರ ಕಾವ್ಯದ ಲಾವಣಿ ಲಯದ ಬಗ್ಗೆ ಸಾಕಷ್ಟು ಬರೆದಿದ್ದೇವೆ. ಆದರೆ ಲಯಕ್ಕಿಂತ ಮುಖ್ಯವಾದದ್ದನ್ನು ಅವರು ಇಲ್ಲಿಂದ ಒಯ್ದರು ಎಂದು ನನಗೆ ಅನಿಸುತ್ತದೆ. 1972ರ 'ಜೋಕುಮಾರಸ್ವಾಮಿ'ಯಲ್ಲಿ ಸೂತ್ರಧಾರನಿಗೆ ಹಿಮ್ಮೇಳ ಸುಮ್ಮನೆ ದನಿಗೂಡಿಸುವುದಿಲ್ಲ, ನಡುವೆ ಬಾಯಿ ಹಾಕುತ್ತದೆ. ಒಬ್ಬನ ಮಾತನ್ನು ಇನ್ನೊಬ್ಬ ಅಲ್ಲೇ ಪ್ರಶ್ನಿಸುವ ಈ ಗುಣ ಹಾಡಕಿಯ ಅಂಗಳದ ಗುಣ. ಲಯವನ್ನು ಅನುಕರಿಸಿದವರು ಅನೇಕರು, ಪ್ರಶ್ನಿಸುವ ಹಿಮ್ಮೇಳವನ್ನು ಇಟ್ಟುಕೊಂಡವರು ಕಡಿಮೆ.

ಬೆಳಗಿನ ಜಾವ ಮಂಗಳದ ಹೊತ್ತಿಗೆ ಎರಡೂ ಮೇಳ ಒಟ್ಟಿಗೆ ನಿಂತು ಅರ್ಧನಾರೀಶ್ವರನನ್ನು ಹಾಡಿದವು. ಗಂಡೂ ಹೆಚ್ಚಲ್ಲ, ಹೆಣ್ಣೂ ಹೆಚ್ಚಲ್ಲ, ಎರಡೂ ಒಂದೇ ದೇಹದ ಎರಡು ಮಗ್ಗುಲು. ಹರದೇಶಿ–ನಾಗೇಶಿ ಬಹುಪಾಲು ಹೀಗೇ ಮುಗಿಯುತ್ತದೆ. ರಾತ್ರಿಯಿಡೀ ಜಗಳವಾಡಿದವರು ಒಂದೇ ಗಾಡಿಯಲ್ಲಿ ಮುಂದಿನ ಊರಿಗೆ ಹೋಗಬೇಕು, ಕೇಳಿದ ಗಂಡ ಹೆಂಡತಿ ಒಂದೇ ಮನೆಗೆ ಹೋಗಬೇಕು. ಆ ದೃಷ್ಟಿಯಿಂದ ಈ ಮಂಗಳದಲ್ಲಿ ವಿವೇಕವಿದೆ. ಆದರೆ ಬಾಕಿ ಉಳಿದ ಜವಾಬು? ಬೆಳಗಿನ ಪಾಳಿಗೆ ಎಂದಿದ್ದ ಹರದೇಶಿಯವರು ಅದನ್ನು ಮತ್ತೆ ಎತ್ತಲಿಲ್ಲ, ನಾಗೇಶಿಯವರೂ ಕೇಳಲಿಲ್ಲ. ಅರ್ಧನಾರೀಶ್ವರ ಆ ಬಾಕಿಯ ಮೇಲೆ ಶಾಲು ಹೊದಿಸಿದ. ಇಬ್ಬರೂ ಸಮ ಎಂಬ ಮಾತು ಕೇಳಲು ಇಂಪು, ಆದರೆ ಒಂದು ದಿನದ ಕೆಲಸವನ್ನು ಎಣಿಸಿ ಹೇಳಿದವಳಿಗೆ ಅದು ಉತ್ತರವಲ್ಲ. ಹಾಡಕಿಯ ರೂಪದ ಮಿತಿ ಇದು ಎಂದೇ ನಾನು ಭಾವಿಸುತ್ತೇನೆ. ಸವಾಲನ್ನು ಎಷ್ಟು ಹರಿತವಾಗಿ ಬೇಕಾದರೂ ಎತ್ತಲು ಅದು ಬಿಡುತ್ತದೆ, ಅದನ್ನು ಮರುದಿನಕ್ಕೆ ಒಯ್ಯಲು ಬಿಡುವುದಿಲ್ಲ.

ಹಾಡುಗಾರ್ತಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ದಪ್ಪನ್ನು ಚೀಲಕ್ಕೆ ಹಾಕುತ್ತಿದ್ದಾಗ, ಆ ಸವಾಲಿನಲ್ಲಿ ನೀವೇ ಗೆದ್ದಿರಿ ಅಕ್ಕಾರ ಎಂದೆ. ಆಕೆ ನಕ್ಕು ಹೇಳಿದರು:

'ಊರ ಮುಂದ ಗೆಲ್ಲೂದು ಸರಳ ಐತ್ರಿ ಸರ. ಈಗ ಮನಿಗೆ ಹೋಗಿ ರೊಟ್ಟಿ ಬಡೀಬೇಕು.'

ಈ ಮಾತನ್ನು ನಾನು ಇಲ್ಲಿ ಸೇರಿಸುತ್ತಿರುವುದು ಮರುಕಕ್ಕಾಗಿ ಅಲ್ಲ. ಆಕೆಯ ಕಾವ್ಯವನ್ನು ಅರ್ಥ ಮಾಡಿಕೊಳ್ಳಲು ಇದು ಬೇಕು. ತಾನು ಹಾಡಿದ ಆ ಒಂದು ದಿನದೊಳಗೆ ರಾತ್ರಿಯಿಡೀ ಹಾಡುವ ಕೆಲಸವನ್ನು ಆಕೆ ಎಣಿಸಿರಲಿಲ್ಲ. ಹಾಡಕಿ ಆಕೆಯ ದುಡಿಮೆಯೂ ಹೌದು, ದುಡಿಮೆಯ ಬಗ್ಗೆ ಮಾತಾಡಲು ಸಿಕ್ಕ ಜಾಗವೂ ಹೌದು.

ಹಾಡುಗಾರ್ತಿಯಾಗಿ ಆಕೆಯ ಬಗ್ಗೆ ಒಟ್ಟು ಅಭಿಪ್ರಾಯ ಹೇಳುವುದಾದರೆ: ಪುರಾಣದ ಪಟ್ಟಿಯಲ್ಲಿ ಆಕೆ ಸಾಧಾರಣ, ಸಿನಿಮಾ ಮಟ್ಟಿನಲ್ಲಿ ಅವಸರ. ಮೇಲಿನ ಶ್ರುತಿಯಲ್ಲಿ ದನಿ ಸೀಳುತ್ತದೆ. ಆದರೆ ಎದುರು ಕೂತವರನ್ನು ಹಾಡಿನೊಳಗೆ ತರುವ ಕಸುಬಿನಲ್ಲಿ, ಸವಾಲನ್ನು ಸರಳ ಮಾತಿನಲ್ಲಿ ಇಟ್ಟು ಹಿಂದೆ ಸರಿಯುವ ಧೈರ್ಯದಲ್ಲಿ ನಾನು ಕೇಳಿದವರಲ್ಲಿ ಆಕೆಗೆ ಸಮ ಕಡಿಮೆ. ಹರದೇಶಿಯವರ ದನಿ ಆಕೆಗಿಂತ ದೊಡ್ಡದು, ಕಥೆ ಬಿಚ್ಚುವ ಕ್ರಮ ಆಕೆಗಿಂತ ಪಳಗಿದ್ದು. ಇಕ್ಕಟ್ಟಿಗೆ ಸಿಕ್ಕಾಗ ಹಾಸ್ಯಕ್ಕೆ ಓಡುವುದು ಅವರ ದೌರ್ಬಲ್ಯ, ಹಾಸ್ಯದಿಂದ ಹಿಂದಿರುಗಿ ಬಂದದ್ದು ಅವರ ದೊಡ್ಡತನ. ಒಬ್ಬರಿಲ್ಲದೆ ಇನ್ನೊಬ್ಬರ ಈ ಗುಣ ಹೊರಗೆ ಬರುತ್ತಿರಲಿಲ್ಲ.

ಜಾನಪದ ಓದುತ್ತಿರುವ ವಿದ್ಯಾರ್ಥಿಗಳು ಈ ಕಡೆ ಬಂದರೆ ಒಂದು ಕೋರಿಕೆ. ಮೊಬೈಲು ಹಿಡಿದರೆ ಎರಡೂ ಮೇಳದ್ದನ್ನು ಹಿಡಿಯಿರಿ, ಗೀಗೀಯ ಸುತ್ತುಗಳನ್ನು ಕತ್ತರಿಸಬೇಡಿ. ಯಾರು ಎಲ್ಲಿ ನೋಟು ಇಟ್ಟರು, ಯಾರು ಎಲ್ಲಿ ಚುನಮರಿಗೆ ಕೈ ಹಾಕಿದರು ಎಂಬುದನ್ನೂ ಬರೆದುಕೊಳ್ಳಿ. ಜಾತ್ರೆಯ ದೊಡ್ಡ ವೇದಿಕೆಗಿಂತ ತೋಟದ ಮನೆಯ ಜವಳ, ಮನೆ ತುಂಬುವ ಸಮಾರಂಭಗಳನ್ನು ಹುಡುಕಿ, ಕರೆಯದಿದ್ದರೂ ಒಳಗೆ ಕರೆದು ಕೂರಿಸುವ ಜನ ಇವರು. ಹಿರಿಯರೊಬ್ಬರ ಪಕ್ಕ ಕೂತುಕೊಳ್ಳಿ. ಯಾವ ಸವಾಲು ತೀರಿತು, ಯಾವುದು ಬಾಕಿ ಉಳಿಯಿತು ಎಂದು ಅವರನ್ನು ಕೇಳಿ ಬರೆದಿಡಿ. ಬಾಕಿ ಉಳಿದವುಗಳ ಒಂದು ಪಟ್ಟಿ ನಮ್ಮ ಕೈಗೆ ಸಿಕ್ಕರೆ, ಈ ಸೀಮೆಯ ಹೆಂಗಸರು ಹಾಡಿನಲ್ಲಿ ಏನೇನು ಕೇಳಿದ್ದಾರೆ, ಅದರಲ್ಲಿ ಯಾವುದಕ್ಕೆ ಇನ್ನೂ ಉತ್ತರ ಬಂದಿಲ್ಲ ಎಂಬುದು ತಿಳಿದೀತು.